ಮಿಶ್ರಿಕೋಟಿಗೆ ಓದಿ ಹೇಳಿದ ಪುಟಗಳು

"ನಿಮ್ಮ ಲೈಬ್ರರಿ ಇರೂದಾದ್ರೂ ಯಾಕ್ರಿ? ಪಾಸ್‌ವರ್ಡ್ ಹೊಡದ್ರ ತಗ್ಯಾಂಗಿಲ್ಲ, ಮೇಲ್ ಮಾಡಿದ್ರ ಉತ್ತರ ಇಲ್ಲ!"

ಫೋನಿನ ಆ ಕಡೆಯಿಂದ ದಣಿದ ಗಂಡುದನಿ ಕೇಳಿತು.

"ಬೈದು ಮುಗೀತೇನ್ರಿ ಮೇಡಂ? ಮುಗಿದಿದ್ರ ಹೆಸರು ಹೇಳ್ರಿ."

ಅನ್ನಪೂರ್ಣಾ ಹೆಸರು ಹೇಳಿದಳು. ಮಿಶ್ರಿಕೋಟಿಯ ಕುರಿಗಾರರ ಮನೆಯ ಮಗಳು. ಕಲಘಟಗಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಶ್ಚಿಮ ಆಫ್ರಿಕಾದ ಫುಲಾನಿ ದನಗಾಹಿ ಹೆಂಗಸರ ಮೇಲೆ ಅವಳ ಪಿಎಚ್‌ಡಿ. ಅವ್ವನಿಗೆ ಲಕ್ವಾ ಹೊಡೆದ ಮೇಲೆ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗುವುದೇ ನಿಂತಿತ್ತು. ಈ ವರ್ಷ ಮುಗಿಸದಿದ್ದರೆ ನೋಂದಣಿ ರದ್ದು.

"ನಿಮ್ಮ ಮೇಲ್ ನನಗ ಬಂದಿಲ್ರಿ. ಅಡ್ರೆಸ್ ಒಮ್ಮೆ ನೋಡ್ರಿ."

ನೋಡಿದಳು. ಒಂದು ಅಕ್ಷರ ಬಿಟ್ಟುಹೋಗಿತ್ತು. ಕಿವಿ ಬಿಸಿಯಾಯಿತು.

"ತಪ್ಪಾತ್ರಿ ಸರ್."

"ಇರ್ಲಿ ಬಿಡ್ರಿ. ಆಫ್ರಿಕಾ ಸೆಕ್ಷನ್ನಿಗೆ ಫೋನ್ ಮಾಡಿ ಬಯ್ಯಾವ್ರಾದ್ರೂ ಎಲ್ಲಿದ್ದಾರ?"

ಅವನು ಕಿರಣಕುಮಾರ. ಲೈಬ್ರರಿಯ ಗುತ್ತಿಗೆ ನೌಕರ, ಕುಂದಗೋಳದಿಂದ ಧಾರವಾಡಕ್ಕೆ ದಿನಾ ರೈಲಿನಲ್ಲಿ ಓಡಾಡುವವನು. ಆ ಸಂಜೆಯೇ ಪಾಸ್‌ವರ್ಡ್ ಸರಿಮಾಡಿಕೊಟ್ಟ. ಆದರೆ ಅವಳಿಗೆ ಬೇಕಾದದ್ದು ಬಹುಪಾಲು ಆನ್‌ಲೈನಿನಲ್ಲಿ ಇರಲಿಲ್ಲ. ಹಳೆಯ ಜರ್ನಲ್‌ಗಳ ದಪ್ಪ ಸಂಪುಟಗಳಲ್ಲಿತ್ತು. ಓದುವವರಿಲ್ಲವೆಂದು ಅವನ್ನು ಏಪ್ರಿಲ್‌ನಲ್ಲಿ ಕಟ್ಟಿ ಗೋದಾಮಿಗೆ ಹಾಕುವವರಿದ್ದರು. ಅವನು ಪುಟಗಳ ಫೋಟೋ ತೆಗೆದು ಕಳಿಸಿದ. ಮಾಸಿದ ಅಕ್ಷರ, ಒಂದು ಸಾಲೂ ಓದಲಾಗಲಿಲ್ಲ.

"ಓದಿ ಹೇಳ್ಲೇನ್ರಿ?" ಎಂದ.

ಹಾಗೆ ಶುರುವಾಯಿತು. ಕೌಂಟರ್ ಮುಚ್ಚಿದ ಮೇಲೆ ಅವನು ಓದುತ್ತಿದ್ದ. ಅವಳು ಫೋನನ್ನು ಸ್ಪೀಕರಿಗೆ ಹಾಕಿ, ಅವ್ವನ ಕಾಲಿಗೆ ಎಣ್ಣೆ ತಿಕ್ಕುತ್ತ ಕೇಳುತ್ತಿದ್ದಳು. ಸೋರೆಬುರುಡೆಯಲ್ಲಿ ಹಾಲು ತುಂಬಿ, ತಲೆಯ ಮೇಲೆ ಹೊತ್ತು, ಬಿಸಿಲಲ್ಲಿ ಸಂತೆಗೆ ನಡೆವ ಹೆಂಗಸರು.

"ನಮ್ಮವ್ವನೂ ಹಿಂಗ ಬೆಣ್ಣಿ ಹೊತ್ಕೊಂಡು ಸಂತಿಗೆ ಹೋಗತಿದ್ಲು ಸರ್."

"ಅದನ್ನ ಹೇಳ್ರಿ ಮೊದ್ಲ."

"ಥೀಸಿಸ್‌ನ್ಯಾಗ ಅದಕ್ಕ ಜಾಗಾ ಇಲ್ರಿ."

"ಥೀಸಿಸ್ಸಿಗೆ ಅಲ್ರಿ. ನನಗ."

ಎಣ್ಣೆಗೈ ಅಲ್ಲೇ ನಿಂತಿತು. ಅವ್ವ ಮಗಳ ಮುಖವನ್ನೇ ನೋಡುತ್ತಿದ್ದಳು.

ಒಂದು ಸಂಜೆ ಫೋನ್ ಎತ್ತಿದವಳು ಲೈಬ್ರರಿಯಲ್ಲೇ ಕೆಲಸ ಮಾಡುವ ರೂಬಿನಾ. "ಕಿರಣ ಸರಿಗೆ ಜ್ವರಾರೀ. ನಿಮಗ ಓದಿ ಹೇಳ್ಕೋಂತ ದಿನಾ ಟ್ರೇನ್ ತಪ್ಪಿಸ್ಕೋತಾರ. ಹುಬ್ಬಳ್ಳಿ ಸ್ಟೇಶನ್ನಿನ್ಯಾಗ ಕುಂತು ಕುಂತು ಸೊರಗ್ಯಾರ. ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. ತನ್ನ ಭಾರ ಇನ್ನೊಬ್ಬರ ಹೆಗಲಿಗೂ ಏರಿತಲ್ಲ ಎಂದು ಅವಳಿಗೆ ಸಂಕಟವಾಯಿತು. 'ಸಾಕು ಸರ್. ಪಿಎಚ್‌ಡಿ ಬಿಡತೀನಿ. ಆರಾಮ ತಗೋರಿ' ಎಂದು ಮೆಸೇಜು ಹಾಕಿದಳು. ಆಮೇಲೆ ಅವನ ಫೋನ್ ಎತ್ತಲಿಲ್ಲ.

ಭಾನುವಾರ ಬೇರೆ ನಂಬರಿನಿಂದ ಕರೆ ಬಂತು. "ನಿಮ್ಮ ಬಸ್‌ಸ್ಟ್ಯಾಂಡಿನ್ಯಾಗ ಅದೀನ್ರಿ."

ಹೋದಳು. ಕಟ್ಟೆಯ ಮೇಲೆ ಸಣಕಲು ಮೈಯ, ಗಡ್ಡ ಬಿಟ್ಟ ಗಂಡಸೊಬ್ಬ ಕುಳಿತಿದ್ದ. ಕಣ್ಣ ಕೆಳಗೆ ಕಪ್ಪು. ಅವಳನ್ನು ಕಂಡು ಎದ್ದ, ಎದ್ದವನು ಸ್ವಲ್ಪ ತೂರಾಡಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

"ದನಿ ಕೇಳಿ ದೊಡ್ಡ ಆಳು ಅನ್ಕೊಂಡಿದ್ದೆ," ಎಂದಳು.

"ಬೈದದ್ದು ಕೇಳಿ ನಾನೂ ಹಂಗ ಅನ್ಕೊಂಡಿದ್ದೆ."

ನಕ್ಕಳು. ನಗುತ್ತಲೇ ಕಣ್ಣು ತುಂಬಿದವು. ಅವನು ಚೀಲದಿಂದ ಕಾಗದದ ಕಟ್ಟು ತೆಗೆದ. ಉಳಿದ ಪುಟಗಳನ್ನೆಲ್ಲ ಟೈಪ್ ಮಾಡಿ ತಂದಿದ್ದ.

"ಜ್ವರದಾಗ ಯಾಕ್ ಬೇಕಾಗಿತ್ರಿ ಇದು?"

"ಪಿಎಚ್‌ಡಿ ಬಿಡೂದು ನಿಮ್ಮ ಮರ್ಜಿ. ಫೋನ್ ಬಿಡಬ್ಯಾಡ್ರಿ. ದಿನಾ ಸಂಜಿ ಅದೊಂದ ಇತ್ತು ನನಗ."

ಅವಳು ಕಟ್ಟೆಯ ಮೇಲೆ ಕುಳಿತಳು. "ನನ್ನ ಹತ್ರ ಏನೂ ಉಳದಿಲ್ರಿ. ಅವ್ವ, ಕುರಿ, ಕಾಲೇಜು. ಭಾಳ ದಣದೇನಿ."

"ನಾನೂ ದಣದೇನ್ರಿ. ಬಾಜೂಕ ಕುಂದ್ರಲೇನು?"

ಕುಳಿತ.

"ನಮ್ಮ ಮಂದಿ ಯಾರು ಅಂತ ಗೊತ್ತೈತಲ್ರಿ ನಿಮಗ?" ಎಂದ. "ನಮ್ಮಪ್ಪ ಅಂಬೇಡ್ಕರ್ ಫೋಟೋದ ಮುಂದ ಲಗ್ನ ಆದಾವ. ನಿಮ್ಮ ಮನ್ಯಾಗ..."

"ಗೊತ್ತೈತಿ. ನಮ್ಮಣ್ಣಗೂ ಗೊತ್ತಾಗ್ಲಿ."

ಅವಳ ಅಣ್ಣ ಹನಮಂತಪ್ಪ ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದ. ತಂಗಿ ಎದ್ದು ಎದುರಿಗೆ ಹೋದಳು. ಇವರು ಯಾರು, ಯಾವ ಊರು, ಯಾವ ಮಂದಿ ಎಲ್ಲ ಹೇಳಿದಳು. "ಲಗ್ನ ಆದ್ರ ಇವರನ್ನ ಆಗಾಕಿ ನಾನು," ಎಂದಳು.

ಹನಮಂತಪ್ಪ ಕೋಲಿಗೆ ಗದ್ದ ಊರಿ ನಿಂತ. ಕುರಿಗಳು ಅವನನ್ನು ಬಳಸಿ ಮುಂದೆ ಹೋದವು. ಊರ ಮಂದಿ ಏನೆಂದಾರು ಎಂದು ಅವನು ಲೆಕ್ಕ ಹಾಕುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಅವಳು ಕಣ್ಣು ಕೆಳಗಿಳಿಸಲಿಲ್ಲ.

"ಅವ್ವಗ ನೀನ ಹೇಳು," ಎಂದ. "ನನ್ನ ಕೈಲೆ ಆಗಾಂಗಿಲ್ಲ."

ಆಮೇಲೆ ಕಟ್ಟೆಯ ಕಡೆ ತಿರುಗಿ, ಮುಖ ನೋಡದೆಯೇ ಕೇಳಿದ.

"ಊಟ ಆಗೇತೇನ್ರಿ?"

"ಇಲ್ರಿ."

"ಏಳ್ರಿ ಹಂಗಾರ. ಮನಿಗೆ ಹೋಗೂಣು."