ಮೈತ್ರಿಯೋ... ಸಂಬಂಧವೋ?

ಬಸವರಾಜೇಶ್ವರಿ ಹಾರ ಹಿಡಿದು ಮುಂದೆ ಬಂದಳು. ಎದುರಿಗೆ ಅಮೆರಿಕದ ಸೇನಾಧಿಕಾರಿ. ಆದರೆ ಅವಳ ಕಣ್ಣು ಸಿಕ್ಕಿಕೊಂಡದ್ದು ಅವನ ಪಕ್ಕದಲ್ಲಿ ತರ್ಜುಮೆಗೆ ನಿಂತಿದ್ದ ಉಕ್ಕಿನ ಕಾರ್ಖಾನೆಯ ಗುಮಾಸ್ತ ಮೂರ್ತಪ್ಪನ ಕಣ್ಣಲ್ಲಿ.

‘ಯಾಕಪ್ಪಾ ಎದೆ ಹೀಗೆ ಹೊಡ್ಕೊಳ್ತಿದೆ...?’

ಸಾವಿರದ ಒಂಬೈನೂರ ನಲವತ್ತಮೂರು. ಯುದ್ಧದ ಕಾಲ. ಮೈಸೂರು ಸರ್ಕಾರ ಭದ್ರಾವತಿಯ ಉಕ್ಕನ್ನು ಯುದ್ಧಕ್ಕೆ ಕೊಟ್ಟು ದೊಡ್ಡ ದೇಶಗಳ ಸ್ನೇಹ ಗಳಿಸುತ್ತಿತ್ತು. ಆ ಸ್ನೇಹಕ್ಕಾಗಿಯೇ ಅತಿಥಿಗೃಹದಲ್ಲಿ ಈ ಸಭೆ. ಇದ್ದಿಲು ಕಂಟ್ರಾಕ್ಟರ್ ಮುರುಗೇಶಪ್ಪನವರ ಮಗಳು ಹೈಸ್ಕೂಲು ಓದಿದವಳೆಂದು ಹಾರ ಹಾಕಲು ಕರೆಸಿದ್ದರು.

ತಮ್ಮ ದೇಶಕ್ಕೆ ನಿಮ್ಮೊಂದಿಗೆ ‘ಅಲಯನ್ಸ್’ ಬೇಕು ಎಂದ ಅಧಿಕಾರಿ. ಮೈತ್ರಿ ಎನ್ನಬೇಕಿತ್ತು ಮೂರ್ತಪ್ಪ. ಅವಳನ್ನೇ ನೋಡುತ್ತ ಅಂದದ್ದು ಮಾತ್ರ ಬೇರೆ!

“ನಿಮ್ಮನೆ ಜೊತೆ ಸಂಬಂಧ ಬೆಳೆಸೋಕೆ ಬಂದಿದ್ದೀವಿ.”

ಸಭೆ ಗೊಳ್ಳೆಂದು ನಕ್ಕಿತು. ಸಂಬಂಧ ಬೆಳೆಸುವುದೆಂದರೆ ನಮ್ಮಲ್ಲಿ ಹೆಣ್ಣು ಕೇಳುವುದು. ಹಾಲು ಕುಡಿಯುವ ಕೂಸಿಗೂ ಗೊತ್ತು! ಏನೂ ಅರ್ಥವಾಗದ ಅಧಿಕಾರಿಯೂ ಅವಳತ್ತ ತಿರುಗಿ ನಕ್ಕುಬಿಟ್ಟ. ಸಂಜೆಯೊಳಗೆ ಸುದ್ದಿ ಶಿವಮೊಗ್ಗ ಮುಟ್ಟಿತು, ಆ ಬಿಳಿ ದೊರೆಯೇ ಮುರುಗೇಶಪ್ಪನ ಮಗಳನ್ನು ಕೇಳಿದನಂತೆ!

ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಮುರುಗೇಶಪ್ಪನವರು ಮಗಳ ಕೋಣೆಗೆ ಹಾಕಿದರು. ಮಾನ ಉಳಿದರೆ ಸಾಕೆಂದು ಹೊಳೆಹೊನ್ನೂರಿನ, ಹೆಂಡತಿ ಸತ್ತ ಮಂಡಿ ವ್ಯಾಪಾರಿಯೊಬ್ಬನಿಗೆ ಕೊಡುವ ಮಾತಾಡಿದರು. ತಾಯಿ ಶಾಂತಮ್ಮ ಕಿಟಕಿಯಲ್ಲಿ ಊಟ ಕೊಟ್ಟು ಅತ್ತರೇ ಹೊರತು ಗಂಡನಿಗೆ ಎದುರಾಡಲಿಲ್ಲ.

ತನ್ನನ್ನು ನಗೆಪಾಟಲು ಮಾಡಿದ ಮೂರ್ತಪ್ಪನ ಮೇಲೆ ಅವಳಿಗೆ ಸಿಟ್ಟು. ಆ ಕಣ್ಣು ಮರೆಯಲಾಗದ್ದಕ್ಕೆ ತನ್ನ ಮೇಲೆ ಇನ್ನೂ ಸಿಟ್ಟು.

‘ಸರ್ಕಾರ ಉಕ್ಕು ಕೊಟ್ಟು ಸೀಮೆ ಉಳಿಸ್ಕೊಳ್ಳತ್ತೆ. ಅಪ್ಪಾಜಿ ನನ್ನ ಕೊಟ್ಟು ಮಾನ ಉಳಿಸ್ಕೊಳ್ತಾರೆ. ಉಕ್ಕನ್ನ ಯಾರೂ ಕೇಳಲ್ಲ, ಸರಿ... ನನ್ನನ್ನೂ ಕೇಳಬಾರ್ದಾ?’

ವೀಳ್ಯಶಾಸ್ತ್ರದ ಬೆಳಿಗ್ಗೆ ಮೂರ್ತಪ್ಪ ಮನೆಗೇ ಬಂದ! ಮಿತ್ರದೇಶದವನ ಹೆಸರು ಕೆಟ್ಟಿತೆಂದು ಮೇಲಿನವರು ಅವನನ್ನು ಕ್ಷಮೆ ಕೇಳಲು ಅಟ್ಟಿದ್ದರು. ಬಾಯಿತಪ್ಪಿತೆಂದು ಒಪ್ಪಿಕೊಂಡರೆ ಕೆಲಸ ಉಳಿಯುತ್ತಿತ್ತು. ಅಧಿಕಾರಿ ಕೇಳಿದ್ದು ಮೈತ್ರಿಯನ್ನಷ್ಟೇ ಎಂದು ನಡುಮನೆಯಲ್ಲಿ ನಿಂತು ಬಿಡಿಸಿ ಹೇಳಿದ.

“ಬಾಯಿತಪ್ಪಿ ಬಂತು ಅನ್ನು. ಅಂದು ಹೊರಡು” ಎಂದರು ಮುರುಗೇಶಪ್ಪ.

ಬೀಗ ಹಾಕಿದ ಬಾಗಿಲ ಹಿಂದೆ ಅವಳು ಕಿವಿಗೊಟ್ಟಳು.

“ಬಾಯಿ ತಪ್ಪಲಿಲ್ಲ ಯಜಮಾನ್ರೇ. ದೊರೆ ಕೇಳ್ಲಿಲ್ಲ... ಕೇಳಿದ್ದು ನಾನು.”

ಮುರುಗೇಶಪ್ಪನವರು ಕೈ ಎತ್ತಿಕೊಂಡು ಎದ್ದೇಬಿಟ್ಟರು. ಅಡ್ಡ ಬಂದವರು ಶಾಂತಮ್ಮ. ಆ ಮನೆಯಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು.

“ವೀಳ್ಯ ಇನ್ನೂ ಕೊಟ್ಟಿಲ್ಲ. ಹುಡುಗ ನಮ್ಮವನೇ. ಒಂದು ಮಾತು ಅವಳನ್ನ ಕೇಳಿ” ಎಂದವರೇ ಗಂಡನ ಕೋಟಿನ ಜೇಬಿನಿಂದ ಕೀಲಿ ತೆಗೆದು ಬೀಗ ಬಿಚ್ಚಿದರು.

ಬಸವರಾಜೇಶ್ವರಿ ಹೊಸ್ತಿಲಲ್ಲೇ ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ.

“ಅಷ್ಟು ಜನರ ಮುಂದೆ ಕೇಳಿದ್ರಿ. ನನ್ನನ್ನ ಯಾಕೆ ಕೇಳ್ಲಿಲ್ಲ?”

“ತಪ್ಪಾಯ್ತು. ಈಗ ಕೇಳ್ತಿದ್ದೀನಿ. ಆದ್ರೆ ಕೆಲಸ ಹೋಗ್ಬಹುದು, ಉಳಿದ್ರೂ ಕಷ್ಟವೇ. ಕಾರ್ಖಾನೆಯದು ಯುದ್ಧದ ಕೆಲಸ, ಅದು ಮುಗಿಯೋವರೆಗೂ ಅಪ್ಪಣೆ ಇಲ್ದೆ ನಾನು ಭದ್ರಾವತಿ ದಾಟೋ ಹಾಗಿಲ್ಲ. ನನ್ನ ಜೊತೆ ಬಂದ್ರೆ ನಿಮಗೂ ಅದೇ ಸೆರೆ.”

“ಬರೋದು, ಬಿಡೋದು ನನ್ನಿಷ್ಟ ತಾನೇ?”

“ನಿಮ್ಮಿಷ್ಟ.”

ಅವಳು ಹೊಸ್ತಿಲು ದಾಟಿದಳು.

“ಹಾಗಾದ್ರೆ... ಬರ್ತೀನಿ.”