ನವಾಬನ ಮೇಲೆ ಒಂದು ಗುಂಡು

ಬಾಳೆಗೊನೆಗೆ ಗುಂಡು ಹೊಡೆದರೆ ಯಾವ ಕಲಮು ಹಚ್ಚುತ್ತಾರೆ? ಕೊಲೆಯಂತೂ ಅಲ್ಲ. ಕಳವೂ ಅಲ್ಲ, ಗೊನೆ ಇದ್ದಲ್ಲೇ ಇರುತ್ತದೆ. ನಷ್ಟ ಎನ್ನಬಹುದು. ಆದರೆ ಕಡಲೆಕಾಳಿನಷ್ಟು ತೂತನ್ನು ನೋಡಿ ಯಾರೂ ಗುಂಡು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಹಾಗಾದರೆ ಅಪರಾಧವೇ ಇಲ್ಲ. ಅಪರಾಧವೇ ಇಲ್ಲದಿದ್ದರೆ ಮೂರು ದಿನದಿಂದ ಕಲಮು ಯಾಕೆ ಹುಡುಕುತ್ತಿದ್ದೇನೆ?

ಮಾಣಿಕಪ್ಪ ಕಮಲಾಪುರದ ತನ್ನ ತೋಟದ ಬದುವಿನ ಮೇಲೆ ಕುಳಿತು ಬೇಲಿಯ ಆಚೆ ನೋಡುತ್ತಿದ್ದ. ಆಚೆಯದು ಅಣವೀರಪ್ಪನ ತೋಟ. ಆ ತೋಟದ ನಡುವೆ, ಹಳೆಯ ಧೋತರದ ಮುಸುಕು ಹೊದ್ದು, ಒಂಬತ್ತು ಚಿಪ್ಪಿನ ಕೆಂಪು ಬಾಳೆಯ ಗೊನೆಯೊಂದು ತೂಗುತ್ತಿತ್ತು. ಅಣವೀರಪ್ಪ ಅದಕ್ಕೆ ನವಾಬ ಎಂದು ಹೆಸರಿಟ್ಟಿದ್ದ.

“ಹೈದರಾಬಾದಿನ ನವಾಬರೆಲ್ಲ ಹೋದ್ರು,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ, “ನಮ್ಮ ತ್ವಾಟದಾಗ ಒಬ್ಬಾಂವ ಉಳದಾನ ನೋಡ್ರಿ. ಸಲಾಂ ಹೊಡದು ಮುಂದ ಹೋಗ್ರಿ.”

ಎಳ್ಳಮಾಸಿ, ಎಂದರೆ ಎಳ್ಳಮಾವಾಸ್ಯೆಯ ಹಬ್ಬ, ಮುಗಿದು ಹತ್ತು ದಿನಕ್ಕೆ ಕಲಬುರಗಿಯಲ್ಲಿ ಹಣ್ಣುಹಂಪಲದ ಪ್ರದರ್ಶನ. ನಾಲ್ಕು ಪ್ರದರ್ಶನಗಳಿಂದ ಕೆಂಪು ಬಾಳೆಯ ಮೊದಲ ಬಹುಮಾನ ಅಣವೀರಪ್ಪನದು, ಎರಡನೆಯದು ಮಾಣಿಕಪ್ಪನದು. ನಿಜಾಮರ ಕಾಲದಲ್ಲಿ ಸುಭೇದಾರರು ಶಾಲು ಹೊದಿಸಿದಾಗಲೂ ಹಾಗೇ ಆಯಿತು, ಪೊಲೀಸ್ ಆ್ಯಕ್ಷನ್ ಆದ ಮೇಲೆ ಕಲೆಕ್ಟರರು ಹೊದಿಸಿದಾಗಲೂ ಹಾಗೇ ಆಯಿತು. ಸರಕಾರ ಬದಲಾಯಿತು, ನಿಶಾನೆ ಬದಲಾಯಿತು, ಎರಡನೆಯ ಬಹುಮಾನ ಬದಲಾಗಲಿಲ್ಲ. ಪ್ರತಿ ಸಲವೂ ಅಣವೀರಪ್ಪ ಶಾಲು ಹೊದ್ದುಕೊಂಡೇ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, “ಬರೋ ವರ್ಷ ನಿಮ್ದರೀ, ಮಾಣಿಕಪ್ಪ. ಬೇಕಾದ್ರ ಬರದಿಟ್ಕೋರಿ,” ಎನ್ನುತ್ತಿದ್ದ. ಆ ಮಾತಿನಲ್ಲಿ ಕೊಂಕಿದ್ದರೆ ಸಹಿಸಬಹುದಿತ್ತು. ಕೊಂಕಿರಲಿಲ್ಲ. ಅಣವೀರಪ್ಪ ಮನಸ್ಸಾರೆ ಹಾರೈಸುತ್ತಿದ್ದ.

ಬಂದೂಕು ಬಂದದ್ದು ಬೇರೆ ಕಾರಣಕ್ಕೆ. ಹೆಗ್ಗಣಗಳು ಬಾಳೆಯ ಬುಡವನ್ನು ತೋಡಿ ಗಿಡ ಉರುಳಿಸುತ್ತಿದ್ದವು. ಆ್ಯಕ್ಷನ್ ಆದ ಮೇಲೆ ಊರೂರಿನ ಬಂದೂಕುಗಳೆಲ್ಲ ಥಾಣೆಗೆ ಜಮಾ ಆಗಿದ್ದವು. ಹೊಸ ಪರವಾನಗಿಗೆ ಮಾಣಿಕಪ್ಪ ಎರಡು ವರ್ಷ ಅರ್ಜಿ ಬರೆದ. ಹೈದರಾಬಾದಿನಲ್ಲಿ ಬಿ.ಎ. ಓದಿದವನು ಬರೆದ ಅರ್ಜಿ. ಹೆಗ್ಗಣದ ಸ್ವಭಾವದ ಮೇಲೆಯೇ ಅದರಲ್ಲಿ ಮೂರು ಪುಟವಿತ್ತು. ಕೊನೆಗೆ ಥಾಣೆಯ ಅಮೀನಸಾಹೇಬರು ಕಾಗದ ಕೊಡುತ್ತ ಹೇಳಿದ್ದರು: ಹೆಗ್ಗಣ, ಹಂದಿಗೆ ಮಾತ್ರ. ಬೇರೆ ಯಾವುದಕ್ಕಾದರೂ ಹೊಡೆದಿರಿ ಎಂದು ಒಂದೇ ಒಂದು ದೂರು ಬಂದರೂ ಬಂದೂಕು ಥಾಣೆಗೆ, ಅದರ ಹಿಂದೆ ನೀವು.

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಗಂಡನ ಬಂದೂಕಿನ ಅಂಗಡಿಯನ್ನು ತಾನೇ ನಡೆಸುತ್ತಿದ್ದ ಮೆಹರುನ್ನಿಸಾ, ಎಣ್ಣೆ ಬಟ್ಟೆಯಿಂದ ಅದನ್ನು ಬಿಚ್ಚಿ ಅವನ ಮುಂದಿಟ್ಟಿದ್ದಳು. ಪಾಯಿಂಟ್ ಟೂಟೂ. ಒಂದು ಸಲಕ್ಕೆ ಒಂದೇ ಗುಂಡು. ಗುಂಡು ಕೂರುವ ಹಿತ್ತಾಳೆಯ ತೋಟಾ ಕಿರುಬೆರಳಿನ ಅರ್ಧ.

“ಇದು ಹೆಗ್ಗಣದ ಬಂದೂಕರೀ, ಸಾಬ್,” ಎಂದಳು. “ಹುಲಿ, ಶೇರ್ ಕಂಡ್ರ ಇದನ್ನ ಅದರ ಮುಂದ ಬಿಸಾಕಿ ಓಡ್ರಿ. ಅದು ಮೂಸಿ ನೋಡೋತನಕ ನೀವು ಮನಿ ಮುಟ್ಟಬಹುದು.”

“ಭಾಳ ಸಪ್ಪಳ ಮಾಡ್ತದೇನು?”

“ಸಪ್ಪಳಾ? ಚುಟಕಿ ಹೊಡದಂಗ. ತೋಟಾದ ಅಂಚಿಗಿ ಪಿನ್ ಬಡೀತದ, ಛಟ್, ಕಾಮ್ ಖತಂ. ಆದ್ರ ಹೊಸಾ ಮಾಲು. ಮೊದಲ ಹತ್ತು ಹದಿನೈದು ಹೊಡದು ಇದರ ಮಿಜಾಜ್ ತಿಳ್ಕೋರಿ. ಹೊಸಾ ಸೊಸಿ ಇದ್ದಂಗ, ಒಂದೀಟು ಬಾಜೂಕ ಎಳೀತದ.”

ನಿಜ, ಎಡಕ್ಕೆ ಎರಡು ಬೆರಳು ಎಳೆಯುತ್ತಿತ್ತು. ಮಾಣಿಕಪ್ಪ ಮೊದಲ ದಿನ ಒಡಕು ಮಡಕೆಯೊಂದನ್ನು ಬದುವಿನ ಮೇಲಿಟ್ಟು ಆರು ಗುಂಡು ಹೊಡೆದ. ಮಡಕೆ ಹೇಗಿತ್ತೋ ಹಾಗೇ ಇತ್ತು. ಏಳನೆಯದು ಕಂಠಕ್ಕೆ ತಾಗಿತು. ಎರಡನೆಯ ದಿನ ಬಲಕ್ಕೆ ಎರಡು ಬೆರಳು ಹಿಡಿಯುವುದನ್ನು ಕಲಿತು, ಸಂಜೆ ಬಿಲದಿಂದ ಹೊರಬಂದ ಒಂದು ಹೆಗ್ಗಣವನ್ನು ಉರುಳಿಸಿದ. ಅದನ್ನು ಕೋಲಿಗೆ ಕಟ್ಟಿ ತಂದಾಗ ಅವನ ಹೆಂಡತಿ ಸೂಗಮ್ಮ ಒಲೆಯ ಮುಂದಿನಿಂದ ಏಳಲೂ ಇಲ್ಲ.

“ಕೊರಳಾಗ ಲಿಂಗ, ಕೈಯಾಗ ಇಲಿ. ಭಾಳ ಛಂದ ಕಾಣಸ್ತೀರಿ. ಚರ್ಮಾ ಸುಲದು ಗ್ವಾಡಿಗಿ ಬಡಸ್ತೀರೇನು, ಮಹಾರಾಜರು ಹುಲೀದು ಬಡಸ್ತಾರಲ್ಲ ಹಂಗ?”

ಮೂರನೆಯ ದಿನ ಹಕ್ಕಿ ಕಾಯುವ ಚಂದಮ್ಮ ಒಂದು ಮಾತು ಆಡಿದಳು. ಅಣವೀರಪ್ಪನ ತೋಟದ ಆಚೆ ಅವನದೇ ಜೋಳದ ಹೊಲ. ಕಾಳಿಗೆ ಹಾಲು ತುಂಬುವ ದಿನಗಳಲ್ಲಿ ಚಂದಮ್ಮ ಅಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುತ್ತಿದ್ದಳು. ಸುತ್ತಲಿನ ಎಲ್ಲ ಹೊಲಗಳಲ್ಲೂ ಹಾಗೇ: ಬೆಳಗಿನಿಂದ ಸಂಜೆಯವರೆಗೆ ಕವಣೆಯ ಹಗ್ಗ ಬಿಡುವ ಸದ್ದು, ಛಟ್, ಛಟ್, ದಿಕ್ಕು ದಿಕ್ಕಿನಿಂದ. ಆ ದಿನ ಅವಳು ಬೇಲಿಯ ಹತ್ತಿರ ನಿಂತು ಕೇಳಿದಳು:

“ಮಾಣಿಕಪ್ಪಣ್ಣಾ, ನಿಮ್ಮ ತ್ವಾಟದಾಗ ಯಾರೋ ಕವಣಿ ಬೀಸಾಕತ್ತಾರಲ್ಲ, ಬಾಳಿಗೂ ಗುಬ್ಬಿ ಹತ್ಯಾವೇನು?”

ಮಾಣಿಕಪ್ಪ ನಕ್ಕ. ಆದರೆ ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ನಲವತ್ತು ವರ್ಷ ಕವಣೆ ಬೀಸಿದವಳ ಕಿವಿಗೇ ಅದು ಬಂದೂಕು ಎಂದು ಗೊತ್ತಾಗದಿದ್ದರೆ ಇನ್ನಾರಿಗೆ ಗೊತ್ತಾಗುತ್ತದೆ?

ಯೋಜನೆ ತಾನಾಗಿಯೇ ಒಂದರ ಹಿಂದೆ ಒಂದು ಕೂಡಿಕೊಂಡಿತು. ಗೊನೆಯನ್ನು ಕೊಯ್ಯಬಾರದು, ಕಡಿಯಬಾರದು, ಮುಟ್ಟಲೂ ಬಾರದು. ಗೊನೆ ತೂಗುವ ದಿಂಡಿಗೆ, ಮೊದಲ ಚಿಪ್ಪಿನ ಒಂದು ಗೇಣು ಮೇಲೆ, ಒಂದೇ ಗುಂಡು. ಗುಂಡು ಈಚೆಯಿಂದ ಹೊಕ್ಕು ಆಚೆಯಿಂದ ಹೊರಟು ಹಿಂದಿನ ಮಣ್ಣಿನ ದಿಬ್ಬದಲ್ಲಿ ಹೂತುಹೋಗುತ್ತದೆ. ಎರಡು ದಿನ ಸೊನೆ ಒಸರುತ್ತದೆ, ನಾಲ್ಕನೆಯ ದಿನ ದಿಂಡು ಒಳಗೇ ಕೊಳೆಯುತ್ತದೆ, ಎಂಟನೆಯ ದಿನ ನವಾಬ ಕಪ್ಪಿಟ್ಟು ನೆಲಕ್ಕೆ ಬೀಳುತ್ತಾನೆ. ಅಣವೀರಪ್ಪ ಹುಳಕ್ಕೆ ಶಾಪ ಹಾಕುತ್ತಾನೆ. ಆಗ ಮಾಣಿಕಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾನೆ, ಬರೋ ವರ್ಷ ನಿಮ್ದರೀ. ಈ ಒಂದು ಮಾತನ್ನು ಅವನು ಯೋಜನೆಗಿಂತ ಹೆಚ್ಚು ಸಲ ಅಭ್ಯಾಸ ಮಾಡಿದ.

ತೊಡಕು ಒಂದೇ. ಅಣವೀರಪ್ಪ ಹಗಲೆಲ್ಲ ನವಾಬನ ಕಾಲಬುಡದಲ್ಲೇ ಕೂರುತ್ತಿದ್ದ, ರಾತ್ರಿ ಆಳು ಅಲ್ಲೇ ಮಲಗುತ್ತಿದ್ದ. ವರ್ಷದಲ್ಲಿ ಒಂದೇ ದಿನ ತೋಟ ಖಾಲಿ: ಎಳ್ಳಮಾಸಿಯ ದಿನ. ಅಂದು ಯಾರೂ ಕೆಲಸ ಮುಟ್ಟುವುದಿಲ್ಲ. ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡಿಗೆಯ ತುತ್ತುಗಳನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಕೂಡಿ ಉಣ್ಣುತ್ತದೆ. ಅಣವೀರಪ್ಪನ ಹೊಲದ ಬನ್ನಿಮರದ ಕೆಳಗೆ ಮಾಣಿಕಪ್ಪನ ಮನೆಯವರಿಗೂ ಕರೆ ಇದ್ದೇ ಇತ್ತು. ಒಂದುವೇಳೆ ಸದ್ದು ಕೇಳಿಸಿದರೆ ಯಾರಾದರೂ ಏನದು ಎಂದು ಕೇಳಬಹುದು. ಅದಕ್ಕೂ ಉತ್ತರ ಸಿದ್ಧವಿತ್ತು: ಕವಣೆ.

ಒಂದು ವಾರ ಅವನು ಬದುವಿನ ಮೇಲೆ ಕುಳಿತು ಕವಣೆಗಳ ಸದ್ದನ್ನು ಸಂಗೀತ ಕೇಳಿದಂತೆ ಕೇಳಿದ. ಅವನ ಮನೆತನದವರು ಮೂರು ತಲೆಮಾರಿನಿಂದ ಬರೀ ತೋಟದವರು; ಅವನು ಕವಣೆಯನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಆದರೂ ಈಗ ಯಾವ ಹೊಲದ್ದು ಯಾವ ಸದ್ದು, ಎಷ್ಟು ಉಸಿರಿಗೊಮ್ಮೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

ಎಳ್ಳಮಾಸಿಯ ನಸುಕಿನಲ್ಲೇ ಬಂದೂಕು ಹೋಗಿ ಬೇಲಿಯ ಪಕ್ಕದ ಒಣ ಬಾಳೆಯೆಲೆಯ ರಾಶಿಯಲ್ಲಿ ಮಲಗಿತು. ಮನೆಯಲ್ಲಿ ಸಜ್ಜೆಯ ಕಡುಬು, ಭಜ್ಜಿ, ಶೇಂಗಾದ ಹೋಳಿಗೆ, ಹೆಂಗಸರ ಗದ್ದಲ. ಹೊಲ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಅಣವೀರಪ್ಪ ಪೂಜೆ ಮಾಡಿ, ಕೂಗು ಹಾಕುತ್ತ, ಹೊಲದ ಸುತ್ತ ಚರಗ ಚೆಲ್ಲಿದ. ಗುಬ್ಬಿಗಳ ದೊಡ್ಡ ಹಿಂಡೊಂದು ಸಾಲುಗಳ ನಡುವೆ ಇಳಿಯಿತು. ಎಷ್ಟು ಛಂದ, ಎಂದುಕೊಂಡ ಮಾಣಿಕಪ್ಪ.

“ಅಯ್ಯ, ಎಲಿ ತರೋದು ಮರತೀವಲ್ಲ!” ಎಂದಳು ಸೂಗಮ್ಮ. ಅವಳು ಮರೆತಿರಲಿಲ್ಲ, ಬುಟ್ಟಿಯಿಂದ ಎಲೆಯ ಕಟ್ಟನ್ನು ತೆಗೆದಿಟ್ಟವನು ಮಾಣಿಕಪ್ಪನೇ.

“ನಾ ತರ್ತೀನಿ ತಡೀರಿ. ಇಲ್ಲೇ ಅದಲ್ಲ ತ್ವಾಟ.”

“ಲಗೂ ಬರ್ರಿ,” ಅಣವೀರಪ್ಪ ಕೂಗಿದ, “ಕಡಬು ಆರಿದ್ರ ನವಾಬನಾಣಿ ಬೈತೀನಿ!”

ತೋಟದ ಒಳಗೆ ನೆರಳು ತಂಪಾಗಿತ್ತು. ಬೇಲಿಯಿಂದ ನವಾಬನಿಗೆ ನಲವತ್ತು ಹೆಜ್ಜೆ. ಗಾಳಿಯಿಲ್ಲ. ಮಾಣಿಕಪ್ಪ ಮಂಡಿಯೂರಿ, ಬಲಕ್ಕೆ ಎರಡು ಬೆರಳು ಹಿಡಿದು, ಉಸಿರು ನಿಲ್ಲಿಸಿದ. ಮನಸ್ಸು ಅಪರೂಪಕ್ಕೆ ನಿಶ್ಶಬ್ದವಾಗಿತ್ತು. ಈ ನಿಶ್ಶಬ್ದ ತನ್ನ ಒಳಗಿನದು ಎಂದೇ ಅವನು ತಿಳಿದ. ಛಟ್. ದಿಂಡಿನ ಮೇಲೆ ಒಂದು ಸಣ್ಣ ಕಪ್ಪು ಚುಕ್ಕೆ ಮೂಡಿತು, ಅದರಿಂದ ಸೊನೆಯ ಒಂದು ಹನಿ ಇಳಿಯಿತು. ನವಾಬ ಅಲುಗಲೂ ಇಲ್ಲ. ಬಂದೂಕು ಮತ್ತೆ ಎಲೆರಾಶಿಯ ತಳಕ್ಕೆ ಸೇರಿತು. ಎಂಟು ಎಲೆ ಕೊಯ್ದು, ಹೆಗಲಿಗೆ ಹಾಕಿಕೊಂಡು, ಅವಸರವಿಲ್ಲದೆ ಅವನು ಹೊಲದ ಕಡೆ ನಡೆದ.

ಬನ್ನಿಮರದ ಕೆಳಗೆ ಕುಳಿತವರು ತಿರುಗಿ ಕುಳಿತಿದ್ದರು. ಎಲ್ಲರ ಮುಖವೂ ತೋಟದ ಕಡೆಗಿತ್ತು. ಸೂಗಮ್ಮನ ಕೈಯಲ್ಲಿ ಕಡುಬು ಅರ್ಧ ದಾರಿಯಲ್ಲಿ ನಿಂತಿತ್ತು.

“ಏನ್ರೀ ಅದು ಸಪ್ಪಳಾ?” ಅಣವೀರಪ್ಪ ಕೇಳಿದ.

ಮಾಣಿಕಪ್ಪ ಎಲೆಗಳನ್ನು ನಿಧಾನವಾಗಿ ಕೆಳಗಿಟ್ಟ. “ಸಪ್ಪಳಾ? ಯಾರೋ ಕವಣಿ ಬೀಸಿದ್ರು ಕಾಣಸ್ತದರೀ.”

ಚಂದಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. “ಎಳ್ಳಮಾಸಿ ದಿನ ಕವಣಿ ಯಾರ ಮುಟ್ಟತಾರ ನಮ್ಮಪ್ಪಾ? ಚರಗಾ ಚೆಲ್ಲಿದ್ದು ಹಕ್ಕಿಗೂ ಊಟ ಅಲ್ಲೇನು. ವರ್ಷಕ್ಕ ಇದೊಂದ ದಿನ ನನ್ನ ರಟ್ಟಿಗಿ ಸೂಟಿ.” ಆಗ ಮಾಣಿಕಪ್ಪ ಆ ದಿನ ಮೊದಲ ಸಲ ಕಿವಿಗೊಟ್ಟು ಕೇಳಿದ. ದಿಕ್ಕು ದಿಕ್ಕಿಗೂ ಹೊಲಗಳು ಸುಮ್ಮನಿದ್ದವು. ಸಾಲುಗಳ ನಡುವೆ ಗುಬ್ಬಿಗಳು ಯಾರ ಅಂಜಿಕೆಯೂ ಇಲ್ಲದೆ ಕಾಳು ಹೆಕ್ಕುವುದು ಮಾತ್ರ ಕೇಳುತ್ತಿತ್ತು. ಅಣವೀರಪ್ಪ ಒಮ್ಮೆ ಅವನ ಮುಖ ನೋಡಿದ, ಒಮ್ಮೆ ತೋಟದ ಕಡೆ ನೋಡಿದ, ಆಮೇಲೆ ಎದ್ದು ಚಪ್ಪಲಿ ಮೆಟ್ಟುವುದನ್ನೂ ಮರೆತು ನವಾಬನ ಕಡೆ ನಡೆಯತೊಡಗಿದ. ಹೆಗ್ಗಣ ಹೊಡೆಯಲು ಸರಕಾರ ಕೊಟ್ಟ ಪರವಾನಗಿ ಮಾಣಿಕಪ್ಪನ ಅಂಗಿಯ ಕಿಸೆಯಲ್ಲೇ ಇತ್ತು. ಹೆಗ್ಗಣಕ್ಕೆ ಹೊಡೆದೆ ಎಂದಿದ್ದರೆ ಮುಗಿಯುತ್ತಿತ್ತು; ಅವನು ಕವಣೆ ಎಂದಿದ್ದ.