ಅಳಿಸಿದ ಎರಡು ಅಂಕಿ

ಹಣ್ಣಿನ ಕೋಲ್ಡ್ ಸ್ಟೋರೇಜಿನ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದ. ಬುಧವಾರ ಮಧ್ಯಾಹ್ನ ಮೂರೂಕಾಲಿಗೆ ನೋಡಿದವರು ಬಾಗಿಲು, ಕಿಟಕಿ ತೆರೆದಿಟ್ಟು ಪೊಲೀಸರನ್ನು ಕರೆದಿದ್ದರು.

ಪಕ್ಕದ ಕೋಣೆಯ ನೈಟ್ರೋಜನ್ ಪೈಪು ಬಿರುಕು ಬಿಟ್ಟಿತ್ತು. ಹಣ್ಣು ಕೆಡದಂತೆ ತುಂಬುವ ಅನಿಲ ಅದು. ವಾಸನೆಯಿಲ್ಲ, ಸದ್ದಿಲ್ಲ. ಉಸಿರಾಡುವ ಗಾಳಿಯನ್ನು ಹೊರತಳ್ಳಿ ತಾನು ಕೂತುಬಿಡುತ್ತದೆ.

ಎದುರಿನ ಕಪ್ಪು ಪರದೆಯಲ್ಲಿ ಪೈಥಾನ್ ಪ್ರೋಗ್ರಾಂ ಒಂದೊಂದು ಕೋಣೆಯ ಆಮ್ಲಜನಕದ ಅಂಕಿಯನ್ನೂ ಸಾಲಾಗಿ ಸುರಿಯುತ್ತಿತ್ತು. ಒಂದೊಂದು ಕೋಣೆಗೆ ಒಂದೊಂದು ಮಿತಿ. ಹಾಗಾಗಿ ಯಾರೂ ಅಂಕಿ ಓದುತ್ತಿರಲಿಲ್ಲ, ಬಣ್ಣ ನೋಡುತ್ತಿದ್ದರು. ಹಸಿರಾದರೆ ಕ್ಷೇಮ. ಈಗ ಹಸಿರಿನ ನಡುವೆ ಆ ಪಕ್ಕದ ಕೋಣೆಯ ಸಾಲು ಕೆಂಪಾಗಿತ್ತು.

"ನಿದ್ದೆ ಹೊಡೆದಿದಾನೆ ಮೇಡಂ," ಎಂದ ಮ್ಯಾನೇಜರ್. "ಎರಡೂಮುಕ್ಕಾಲಿಂದ ಕೆಂಪು ತೋರಿಸ್ತಿದೆ. ಎಚ್ಚರ ಇದ್ದಿದ್ರೆ ಓಡಿಹೋಗ್ತಿರ್ಲಿಲ್ವಾ?"

"ಸೈರನ್ ಯಾಕೆ ಕೂಗ್ಲಿಲ್ಲ?" ಇನ್‌ಸ್ಪೆಕ್ಟರ್ ಕೇಳಿದಳು.

ಕುಂಬಳಕಾಯಿ ಕಳ್ಳನಂತೆ ಮ್ಯಾನೇಜರ್ ಹೆಗಲು ಮುಟ್ಟಿಕೊಂಡ. "ರಿಪೇರಿಗೆ ಹೋಗಿ ತಿಂಗಳಾಯ್ತು."

ಅವನ ಮೇಲೇ ಅನುಮಾನ ಬಂತು. ಆದರೆ ರಿಪೇರಿಯ ಚೀಟಿ ನಿಜದ್ದೇ ಆಗಿತ್ತು. ಅಷ್ಟರಲ್ಲಿ ಮೇಜಿನ ಪುಸ್ತಕ ಅವಳ ಕಣ್ಣಿಗೆ ಬಿತ್ತು. ಐದೈದು ನಿಮಿಷಕ್ಕೆ ಪರದೆ ನೋಡಿ ಹಾಕಿದ ಟಿಕ್ ಗುರುತು. ಕೊನೆಯದು ಮೂರು ಗಂಟೆ ಐದು ನಿಮಿಷಕ್ಕೆ.

ನಿದ್ದೆ ಮಾಡುವವನು ಟಿಕ್ ಹಾಕುತ್ತಾನೆಯೇ? ಎಚ್ಚರವಿದ್ದವನಿಗೆ ಕೆಂಪು ಕಾಣಲಿಲ್ಲವೇ?

* * *

"ಮಲಗಿದ್ರಂತೆ, ಹೌದಾ ಮೇಡಂ?" ಸತ್ತವನ ಹೆಂಡತಿ ಕೇಳಿದಳು. "ನಿಮ್ಮಪ್ಪ ನಿದ್ದೆಗೇಡಿ ಅಂತ ಸ್ಕೂಲಲ್ಲಿ ಮಗಳನ್ನ ಅಣಕಿಸ್ತಿದಾರೆ."

ಇನ್‌ಸ್ಪೆಕ್ಟರ್ ಅಡುಗೆಮನೆಯ ಕಡೆ ನೋಡಿದಳು. ಬುಟ್ಟಿಯಲ್ಲಿ ಟೊಮೆಟೊ ಇತ್ತು, ಅರ್ಧಕ್ಕರ್ಧ ಕಾಯಿ.

"ಅವರೇ ತಂದಿದ್ದು. ಯಾವಾಗ್ಲೂ ಒತ್ತಿ ನೋಡಿ ಆರಿಸೋರು. ಅವತ್ತೇನೋ ಅವಸರ."

"ಒತ್ತಿ ಯಾಕೆ? ನೋಡಿದ್ರೆ ಗೊತ್ತಾಗಲ್ವಾ?"

ಹೆಂಡತಿ ತಲೆ ತಗ್ಗಿಸಿದಳು. "ಕೆಂಪು, ಹಸಿರು ಎರಡೂ ಅವರಿಗೆ ಒಂದೇ. ಕಂಪನಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಮುಚ್ಚಿಟ್ವಿ. ನನ್ ತಮ್ಮನಿಗೆ ಮಾತ್ರ ಗೊತ್ತು. ಅಲ್ಲಿ ಪ್ರೋಗ್ರಾಂ ಬರೆಯೋನು ಅವನೇ. ಭಾವನಿಗೆ ಕಾಣೋ ಹಾಗೆ ಏನಾದ್ರೂ ಮಾಡೋ ಅಂತ ಕಾಲು ಹಿಡಿದಿದ್ದೆ. ಮಾಡಿಕೊಟ್ಟ, ಪಾಪ."

ಇನ್ನು ತಾನು ಹೋಗಬೇಕಾದ ದಾರಿ ಇನ್‌ಸ್ಪೆಕ್ಟರ್‌ಗೆ ಇಷ್ಟವಿರಲಿಲ್ಲ.

* * *

ಬುಧವಾರದ ದಾಖಲೆಯನ್ನೇ ಬೇರೆ ಪಾಳಿಯ ಆಪರೇಟರನ ಕಂಪ್ಯೂಟರಿನಲ್ಲಿ ಓಡಿಸುವಂತೆ ಇನ್‌ಸ್ಪೆಕ್ಟರ್ ಆ ತಮ್ಮನಿಗೆ ಹೇಳಿದಳು. ಅವನು ಓಡಿಸಿದ. ಅಲ್ಲಿ ಅದೇ ಸಾಲು ಕೆಂಪು ಪಟ್ಟಿಯಾಗಿ ಮೂಡಿತು, ಒಳಗೆ ದಪ್ಪ ಕಪ್ಪು ಅಕ್ಷರ. ಬಣ್ಣ ತಿಳಿಯದವನಿಗೂ ಎದ್ದು ಕಾಣುವಂಥದ್ದು.

"ಇಲ್ಲಿ ಕೋಡ್‌ನಲ್ಲಿ 1;7;31 ಅಂತಿದೆ. ನಿಮ್ಮ ಭಾವನ ಕಂಪ್ಯೂಟರಲ್ಲಿ ಬರೀ 31. ಏನಿದು?"

"ಒಂದು ಅಂದ್ರೆ ದಪ್ಪ ಅಕ್ಷರ. ಏಳು ಅಂದ್ರೆ ಅಕ್ಷರ, ಹಿನ್ನೆಲೆ ಅದಲುಬದಲು. ಮೂವತ್ತೊಂದು ಕೆಂಪು."

"ಮೊದಲಿನ ಎರಡು ಅಳಿಸಿದ್ರೆ?"

"ಕೆಂಪು ಮಾತ್ರ ಉಳಿಯುತ್ತೆ."

"ಉಳಿದೋರಿಗೆ ಅಷ್ಟು ಸಾಕು. ಸಾಲದಿದ್ದದ್ದು ಒಬ್ಬರಿಗೆ. ಅಳಿಸಿದ್ದೂ ಅವರ ಕಂಪ್ಯೂಟರಲ್ಲಿ ಮಾತ್ರ. ಅವರ ಕಣ್ಣಿನ ವಿಷಯ ಗೊತ್ತಿದ್ದದ್ದು ನಿಮ್ಮಕ್ಕನಿಗೆ, ನಿನಗೆ. ಅಕ್ಕನಿಗೆ ಕೀಬೋರ್ಡ್ ಮುಟ್ಟಿ ಗೊತ್ತಿಲ್ಲ."

ಅವನು ಕುರ್ಚಿ ಹಿಂದಕ್ಕೆ ತಳ್ಳಿದ.

"ಪ್ರತಿ ಬುಧವಾರ ಮೂರು ಗಂಟೆಗೆ ಸುಳ್ಳು ಎಚ್ಚರಿಕೆ ಕಳಿಸಿ ಪರೀಕ್ಷೆ ಮಾಡ್ತೀವಿ ಮೇಡಂ. ಭಾವ ಅದನ್ನ ನೋಡದೆ ಒಂದ್ಸಲ ಬೈಸ್ಕೊಳ್ಲಿ ಅಂತ... ಅಷ್ಟೇ. ನಿನಗೆ ಈ ಕೆಲಸ ಕೊಡಿಸಿದ್ದು ನಾನು, ನಾನು ಅಂತ ನಾಲ್ಕು ವರ್ಷ ಎಲ್ಲರ ಮುಂದೆ ನನ್ನ ಚುಚ್ಚಿದ್ರು. ಅವತ್ತೇ ಪೈಪ್ ಒಡೆಯುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಕೊಲ್ಲಬೇಕೆಂದಿರಲಿಲ್ಲ ಅವನು. ಆದರೂ ಜೀವ ಹೋಗಿತ್ತು.

* * *

ಸಂಜೆ ಇನ್‌ಸ್ಪೆಕ್ಟರ್ ತಾನೇ ಹೋಗಿ ಹೇಳಿದಳು. "ನಿಮ್ಮ ಯಜಮಾನ್ರು ಮಲಗಿರ್ಲಿಲ್ಲಮ್ಮ. ಕೊನೇವರೆಗೂ ಕೆಲಸ ಮಾಡಿದಾರೆ. ಮಗಳಿಗೆ ಹೇಳಿ." ಉಳಿದದ್ದನ್ನೂ ಹೇಳಿದಳು, ಬಾಯಿ ಬರದಿದ್ದರೂ.

ಆ ಹೆಂಗಸು ಕಿರುಚಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತವರು ಎಂದರೆ ಆ ತಮ್ಮನೊಬ್ಬನೇ. ಒಂದೇ ವಾರದಲ್ಲಿ ಗಂಡನೂ ಹೋದ, ತವರೂ ಹೋಯಿತು.

ಇನ್‌ಸ್ಪೆಕ್ಟರ್ ಬಾಗಿಲು ದಾಟುವಾಗ ಹಿಂದಿನಿಂದ ಕರೆದಳು.

"ಮೇಡಂ, ಅವನಿಗೆ ಅಲ್ಲಿ ಊಟ ಕೊಡ್ತೀರಾ? ಹಸಿವು ತಡೆಯಲ್ಲ ಅವನು."